ರಾಗಿ ಬೇರಲ್ಲಿ ಬೆಳೆಸಿ, ಮರದ ಸಸಿಗೆ ಕೊಡಿ: ನರ್ಸರಿಯಲ್ಲಿ ಮೈಕೊರೈಜಾ ಬಳಸುವ ಬಗೆ

ಬೆಂಗಳೂರಿನ ಎಷ್ಟೋ ನರ್ಸರಿಗಳಲ್ಲಿ ಕಪ್ಪು ಚೀಲಕ್ಕೆ ತುಂಬುವ ಕೆಮ್ಮಣ್ಣು ಹೊಲದ ಮೇಲ್ಮಣ್ಣಲ್ಲ. ಕಟ್ಟಡದ ಪಾಯ ತೋಡಿದಾಗ, ನೆಲಮಾಳಿಗೆ ಅಗೆದಾಗ ಎದ್ದ ಅಡಿಮಣ್ಣು ಲಾರಿಯಲ್ಲಿ ಬಂದು ಬೀಳುತ್ತದೆ. ನೋಡಲು ಚೆನ್ನ, ಕಳೆಬೀಜವೂ ಕಡಿಮೆ. ಆದರೆ ಗಿಡದ ಬೇರು ಎಂದೂ ಮುಟ್ಟದ ಆಳದಿಂದ ಬಂದ ಮಣ್ಣಿನಲ್ಲಿ ಬೇರಿಗೆ ಜೊತೆಯಾಗುವ ಶಿಲೀಂಧ್ರ, ಅಂದರೆ ಮೈಕೊರೈಜಾ, ಇರುವುದೇ ಇಲ್ಲ ಎನ್ನಬಹುದು. ಅದರಲ್ಲಿ ನೆಟ್ಟ ನೇರಳೆ, ಹುಣಸೆ ಸಸಿ ಮೂರು ತಿಂಗಳಾದರೂ ಗೇಣುದ್ದ ದಾಟದೆ, ಎಲೆಯ ಹಿಂಬದಿ ನೇರಳೆ ಬಣ್ಣಕ್ಕೆ ತಿರುಗಿ ನಿಂತರೆ, ಹೆಚ್ಚಿನವರು ರಂಜಕದ (ಫಾಸ್ಫರಸ್) ಕೊರತೆಯೆಂದು ಡಿಎಪಿ ಎಂಬ ರಂಜಕದ ರಸಗೊಬ್ಬರ ಹಾಕುತ್ತಾರೆ. ಮೈಕೊರೈಜಾ ಬಳಸಬೇಕೆಂದಿದ್ದರೆ ಮೊದಲು ಬಿಡಬೇಕಾದ್ದು ಆ ಅಭ್ಯಾಸವನ್ನು.

ಕಾರಣ ಸರಳ. ರಂಜಕ ಮಣ್ಣಿನಲ್ಲಿ ನೀರಿನ ಜೊತೆ ಹರಿದು ಬರುವ ಪೋಷಕಾಂಶವಲ್ಲ. ಬೇರು ತನ್ನ ಸುತ್ತಲ ಒಂದೆರಡು ಮಿಲಿಮೀಟರಿನಲ್ಲಿ ಇದ್ದುದನ್ನು ಹೀರಿ ಮುಗಿಸಿದರೆ, ಆಮೇಲೆ ಅಲ್ಲಿಗೆ ಹೊಸದು ಬರುವುದು ತೀರಾ ನಿಧಾನ. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅದನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಮೈಕೊರೈಜಾದ ಎಳೆಗಳು 2ರಿಂದ 10 ಮೈಕ್ರಾನ್ ದಪ್ಪ. ಬೇರುಕೂದಲು ತೂರಲಾಗದ ಸಂದಿಯಲ್ಲೂ ತೂರಿ ಹಲವು ಸೆಂಟಿಮೀಟರ್ ಆಚೆಯಿಂದ ರಂಜಕ, ಸತು, ತಾಮ್ರ ಎಳೆದು ತರುತ್ತವೆ. ಬದಲಿಗೆ ಗಿಡ ಎಲೆಯಲ್ಲಿ ಮಾಡಿದ ಸಕ್ಕರೆಯಲ್ಲಿ ಒಂದು ಪಾಲು ಕೊಡುತ್ತದೆ, ಅದು ಶೇ. 20ರವರೆಗೂ ಹೋಗಬಹುದು. ಬೇರಿನ ಬಳಿ ರಂಜಕ ಧಾರಾಳವಾಗಿ ಸಿಗುವಾಗ ಗಿಡ ಈ ಖರ್ಚಿಗೆ ಕೈ ಹಾಕುವುದಿಲ್ಲ, ಶಿಲೀಂಧ್ರವನ್ನು ಒಳಗೆ ಬಿಟ್ಟುಕೊಳ್ಳುವುದೂ ಕಡಿಮೆ. ಪ್ಯಾಕೆಟ್ ತಂದು ಹಾಕಿ ‘ಏನೂ ಆಗಲಿಲ್ಲ’ ಎನ್ನುವವರ ಚೀಲದ ಮಣ್ಣು ನೋಡಿದರೆ ಸಾಮಾನ್ಯವಾಗಿ ಇದೇ ಕಥೆ.

ಯಾವ ಮರಕ್ಕೆ ಬೇಕು, ಯಾವುದಕ್ಕೆ ಬೇಡ

ಇಲ್ಲಿ ಹೇಳುತ್ತಿರುವುದು ಬೇರಿನ ಜೀವಕೋಶದೊಳಗೆ ಹೊಗುವ ಅರ್ಬಸ್ಕುಲರ್ ಮೈಕೊರೈಜಾ ಬಗ್ಗೆ. ಹಳಬರು ಈಗಲೂ ‘ವ್ಯಾಮ್’ ಎನ್ನುತ್ತಾರೆ. ಹೊಂಗೆ, ಬೇವು, ಹೆಬ್ಬೇವು, ಹುಣಸೆ, ನೇರಳೆ, ತೇಗ, ಮಹಾಗನಿ, ಹಲಸು, ಮಾವು, ಆಲ, ಅತ್ತಿ, ಮತ್ತಿ ಎಲ್ಲವೂ ಇದರ ಜೊತೆ ಬಾಳುವ ಮರಗಳೇ. ಹಲಸು, ಮಾವಿನಂಥ ದೊಡ್ಡ ಬೀಜದ ಸಸಿ ಮೊದಲ ಒಂದೆರಡು ತಿಂಗಳು ಬೀಜದ ಬುತ್ತಿಯಲ್ಲೇ ಬದುಕುವುದರಿಂದ ಅವುಗಳಲ್ಲಿ ವ್ಯತ್ಯಾಸ ತಡವಾಗಿ ಕಾಣುತ್ತದೆ.

ಸಿಲ್ವರ್ ಓಕ್‌ಗೆ ಹಾಕಿದರೆ ದುಡ್ಡು ದಂಡ. ಆ ಕುಟುಂಬದ ಮರಗಳು ಕುಂಚದಂಥ ಒತ್ತಾದ ಬೇರುಗೊಂಚಲು ಬಿಟ್ಟು ರಂಜಕವನ್ನು ತಾವೇ ಕರಗಿಸಿಕೊಳ್ಳುತ್ತವೆ. ಪೈನ್, ಧೂಪದ ಜಾತಿಯ ಮರಗಳಿಗೆ ಬೇಕಾದ್ದು ಬೇರಿನ ಹೊರಗೆ ಕವಚ ಕಟ್ಟುವ ಇನ್ನೊಂದು ಬಗೆಯ ಶಿಲೀಂಧ್ರ. ಅವಕ್ಕೆ ಈ ವಿಧಾನ ಹೊಂದುವುದಿಲ್ಲ. ನೀಲಗಿರಿ ಎರಡನ್ನೂ ಒಪ್ಪಿಕೊಳ್ಳುತ್ತದೆ. ಶ್ರೀಗಂಧದ ಚೀಲದಲ್ಲಿ ಆಸರೆ ಗಿಡವಾಗಿ ತೊಗರಿ ಹಾಕುತ್ತೀರಲ್ಲ, ಅಲ್ಲಿ ಮೈಕೊರೈಜಾವನ್ನು ತೊಗರಿ ಬೀಜದ ಕೆಳಗೂ ಹಾಕಿ. ಗಂಧ ಆಸರೆ ಗಿಡದ ಬೇರಿನಿಂದ ಹೀರಿ ಬದುಕುವುದರಿಂದ, ತೊಗರಿ ಹೊಟ್ಟೆ ತುಂಬ ಉಂಡರೆ ಗಂಧಕ್ಕೂ ಊಟ. ಹೊಂಗೆ, ಮಳೆಮರದಂಥ ದ್ವಿದಳ ಮರಗಳಿಗೆ ಬೀಜಕ್ಕೆ ರೈಜೋಬಿಯಂ ಬ್ಯಾಕ್ಟೀರಿಯಾ, ಬೀಜದ ಕೆಳಗೆ ಮೈಕೊರೈಜಾ, ಎರಡೂ ಇರಲಿ. ರೈಜೋಬಿಯಂ ಬೇರಲ್ಲಿ ಕಟ್ಟುವ ಗಂಟುಗಳು ಸಾರಜನಕ ಹಿಡಿಯಲು ರಂಜಕ ಬೇಕೇ ಬೇಕು.

ಎಲ್ಲ ಮರಕ್ಕೂ ಒಂದೇ ಶಿಲೀಂಧ್ರ ಅತ್ಯುತ್ತಮವಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ವಿಜ್ಞಾನಿ ಡಿ. ಜೆ. ಭಾಗ್ಯರಾಜ್ ಮತ್ತು ಅವರ ಸಹೋದ್ಯೋಗಿಗಳು ದಶಕಗಳ ಕಾಲ ಹಲವು ಶಿಲೀಂಧ್ರಗಳನ್ನು ಒಂದೊಂದು ಮರದ ಸಸಿಯ ಮೇಲೂ ಹೋಲಿಸಿ ನೋಡಿದ್ದು ಇದೇ ಕಾರಣಕ್ಕೆ. ಹತ್ತಾರು ಜಾತಿ ಬೆಳೆಸುವ ಸಣ್ಣ ನರ್ಸರಿಗೆ ಮರಕ್ಕೊಂದು ಶಿಲೀಂಧ್ರ ಇಟ್ಟುಕೊಳ್ಳುವುದು ಆಗದ ಮಾತು. ಮೂರು ನಾಲ್ಕು ಬಗೆ ಸೇರಿದ ಮಿಶ್ರಣ ಸಾಕು.

ಚೀಲದ ಮಣ್ಣು

ರೂಢಿಯ ಮಿಶ್ರಣ ಕೆಮ್ಮಣ್ಣು ಎರಡು, ಮರಳು ಒಂದು, ಕೊಟ್ಟಿಗೆ ಗೊಬ್ಬರ ಒಂದು. ಮೈಕೊರೈಜಾಗೆ ಗೊಬ್ಬರವನ್ನು ಅರ್ಧಕ್ಕಿಳಿಸಿ: ನಾಲ್ಕು ಬಾಂಡ್ಲಿ ಮಣ್ಣು, ಎರಡು ಬಾಂಡ್ಲಿ ಮರಳು, ಒಂದು ಬಾಂಡ್ಲಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎಲೆಗೊಬ್ಬರ. ಎಂ-ಸ್ಯಾಂಡ್ ಬಳಸುವುದಾದರೆ ತೊಳೆದೇ ಬಳಸಿ. ಅದರ ಹಿಟ್ಟಿನಂಥ ಧೂಳು ಚೀಲದ ತಳದಲ್ಲಿ ಗಾರೆಯಂತೆ ಕೂತು ನೀರು ನಿಲ್ಲಿಸುತ್ತದೆ, ನೀರು ನಿಂತಲ್ಲಿ ಈ ಶಿಲೀಂಧ್ರಕ್ಕೆ ಉಸಿರಿಲ್ಲ. ತೆಂಗಿನ ನಾರಿನ ಪುಡಿಯನ್ನು ಉಪ್ಪು ಹೋಗುವ ತನಕ ತೊಳೆದು ಸ್ವಲ್ಪ ಸೇರಿಸಬಹುದು. ಬರೀ ನಾರಿನ ಪುಡಿಯಲ್ಲಿ ಬೆಳೆಸಿದ ಸಸಿಗಳಲ್ಲಿ ಶಿಲೀಂಧ್ರ ಹಿಡಿಯುವುದು ನಂಬುವಂತಿಲ್ಲ.

ಕೋಳಿಗೊಬ್ಬರ ಬೇಡ, ಅದರಲ್ಲಿ ರಂಜಕ ವಿಪರೀತ. ಕೆರೆಗೋಡಿನ ಬಗ್ಗೆ ಇನ್ನೂ ಎಚ್ಚರ ಬೇಕು. ಹಳ್ಳಿಯ ಕೆರೆಯ ಹೂಳು ಬೇರೆ, ಕೊಳಚೆ ನೀರು ಕುಡಿದ ನಗರದ ಕೆರೆಯ ಹೂಳು ಬೇರೆ. ಬೆಳ್ಳಂದೂರು, ವರ್ತೂರು ಕೆರೆಗಳ ನೊರೆ ಕಂಡವರಿಗೆ ಆ ನೀರಿಗೆ ಏನೇನು ಸೇರಿದೆ ಎಂದು ಬಿಡಿಸಿ ಹೇಳಬೇಕಿಲ್ಲ. ಸಾಬೂನಿನ ಪುಡಿಯಿಂದ ಶೌಚದವರೆಗೆ ಸೇರಿದ ರಂಜಕವೆಲ್ಲ ಕೊನೆಗೆ ತಳದ ಕೆಸರಲ್ಲಿ ಕೂರುತ್ತದೆ.

ಲಾರಿ ಲೋಡು ಇಳಿಸುವ ಮೊದಲು ಅರ್ಧ ಕಿಲೋ ಮಣ್ಣನ್ನು ಪರೀಕ್ಷೆಗೆ ಕೊಡಿ. ಲಭ್ಯ ರಂಜಕ ಹೆಕ್ಟೇರಿಗೆ 56 ಕಿಲೋ ದಾಟಿದರೆ ವರದಿಯಲ್ಲಿ ‘ಹೆಚ್ಚು’ ಎಂದು ಬರುತ್ತದೆ. ಅಂಥ ಮಣ್ಣಿನಲ್ಲಿ ಮೈಕೊರೈಜಾಕ್ಕೆ ಖರ್ಚು ಮಾಡಬೇಡಿ. ಪಿಎಚ್ 5.5ರಿಂದ 7 ಇದ್ದರೆ ಸಾಕು. ರಂಜಕ ತೀರಾ ಕಡಿಮೆ ಇದ್ದರೆ ಒಂದು ಟನ್ ಮಿಶ್ರಣಕ್ಕೆ ಅರ್ಧ ಕಿಲೋ ಶಿಲಾರಂಜಕ ಸೇರಿಸಬಹುದು, ನಮ್ಮ ಹುಳಿ ಮಣ್ಣಿನಲ್ಲಿ ಅದು ನಿಧಾನ ಕರಗುತ್ತದೆ. ಸೂಪರ್ ಫಾಸ್ಫೇಟ್, ಡಿಎಪಿ, 19:19:19 ಯಾವುದೂ ಬೇಡ.

ರಾಗಿ ಬೇರಲ್ಲಿ ಬೆಳೆಸುವುದು

ಈ ಶಿಲೀಂಧ್ರವನ್ನು, ರೋಗ ತಡೆಯಲು ಬಳಸುವ ಟ್ರೈಕೋಡರ್ಮಾ ಶಿಲೀಂಧ್ರದಂತೆ ಬಾಟಲಿಯಲ್ಲಿ, ಬೆಲ್ಲದ ನೀರಿನಲ್ಲಿ ಬೆಳೆಸಲಾಗದು. ಜೀವಂತ ಬೇರಿನೊಳಗೆ ಮಾತ್ರ ಬೆಳೆಯುತ್ತದೆ. ಹಾಗಾಗಿ ರಾಗಿ, ಮುಸುಕಿನ ಜೋಳ, ಜೋಳ ಇವುಗಳ ಬೇರೇ ಅದರ ಕಾರ್ಖಾನೆ. ಹುಲ್ಲಿನ ಜಾತಿಯನ್ನೇ ಆರಿಸುವುದಕ್ಕೆ ಎರಡು ಕಾರಣ. ಸಣ್ಣ ಬೇರು ಹೇರಳ. ಮತ್ತೆ ಹುಲ್ಲಿಗೆ ಬರುವ ಬೇರುರೋಗ ಸಾಮಾನ್ಯವಾಗಿ ಮರದ ಸಸಿಗೆ ದಾಟುವುದಿಲ್ಲ. ಟೊಮೆಟೊದಲ್ಲಿ ಬೆಳೆಸಿದರೆ ಶಿಲೀಂಧ್ರದ ಜೊತೆ ಬೇರುಗಂಟು ಹುಳುವನ್ನೂ ಹಂಚಿದಂತಾಗುತ್ತದೆ. ಸಾಸಿವೆ, ಮೂಲಂಗಿ, ಕೋಸು, ಪಾಲಕ್, ದಂಟು ಇವುಗಳ ಬೇರಿಗೆ ಮೈಕೊರೈಜಾ ಸೇರುವುದಿಲ್ಲ, ಆದ್ದರಿಂದ ರಾಗಿ ಬೆಳೆಸುವ ಗುಂಡಿಯಲ್ಲಿ ದಂಟಿನ ಕಳೆ ಎದ್ದರೆ ಕಿತ್ತುಹಾಕಿ.

ಮೂಲ ಬಿತ್ತನೆಗೆ ಬೇಕಾದ ಕಿಲೋದಷ್ಟು ಕಲ್ಚರನ್ನು (ಶಿಲೀಂಧ್ರವಿರುವ ಪುಡಿ) ಕೃಷಿ ವಿಶ್ವವಿದ್ಯಾಲಯದಂಥ ನಂಬಿಕೆಯ ಕಡೆಯಿಂದಲೇ ತನ್ನಿ. ಅಂಗಡಿಯ ಪ್ಯಾಕೆಟ್ಟಾದರೆ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಗ್ರಾಮಿಗೆ ಕನಿಷ್ಠ 100 ಜೀವಂತ ಪ್ರಸರಣ ಘಟಕ (ಮತ್ತೆ ಬೆಳೆಯಬಲ್ಲ ಬೀಜಾಣು, ಎಳೆ, ಬೇರಿನ ಚೂರು) ಇರಬೇಕು. ಆ ಸಂಖ್ಯೆ, ತಯಾರಾದ ದಿನ, ಅವಧಿ ಮುಗಿಯುವ ದಿನ ಇಲ್ಲದ ಪೊಟ್ಟಣ ವಾಪಸ್ ಕೊಡಿ. ಬಿಸಿಲಲ್ಲಿ, ತಗಡಿನ ಮಾಡಿನ ಕೆಳಗೆ ಬೇಸಿಗೆ ಕಳೆದ ಪೊಟ್ಟಣದಲ್ಲಿ ಸಂಖ್ಯೆ ಇದ್ದೂ ಜೀವ ಇರುವುದಿಲ್ಲ.

ಮುಂಗಾರಿನಲ್ಲಿ ನೆಡಲು ಸಸಿ ಸಿದ್ಧವಿರಬೇಕಾದರೆ ಗುಂಡಿಯ ಕೆಲಸ ಆಗಸ್ಟ್-ಸೆಪ್ಟೆಂಬರಿನಲ್ಲಿ ಶುರುವಾಗಬೇಕು. ಅಗತ್ಯವಿರುವ ಮಣ್ಣನ್ನು ಅದಕ್ಕೂ ಮುಂಚೆ, ಮಾರ್ಚ್‌ನಿಂದ ಮೇವರೆಗಿನ ಬಿಸಿಲಿನಲ್ಲಿ ಶುದ್ಧ ಮಾಡಿಟ್ಟುಕೊಳ್ಳಿ. ತೇವ ಮಾಡಿದ ಮಣ್ಣನ್ನು ಗೇಣಿಗಿಂತ ಕಡಿಮೆ ದಪ್ಪಕ್ಕೆ ಹರಡಿ, 25ರಿಂದ 50 ಮೈಕ್ರಾನಿನ ಪಾರದರ್ಶಕ ಪಾಲಿಥೀನ್ ಹೊದಿಸಿ, ಅಂಚಿಗೆ ಮಣ್ಣು ಮುಚ್ಚಿ 4ರಿಂದ 6 ವಾರ ಬಿಡಿ. ಕಪ್ಪು ಹಾಳೆ ಹೊದಿಸುವುದು ಸಾಮಾನ್ಯ ತಪ್ಪು. ಅದು ತಾನು ಕಾಯುತ್ತದೆ, ಕೆಳಗಿನ ಮಣ್ಣು ಅಷ್ಟು ಕಾಯುವುದಿಲ್ಲ. ಅವಸರವಿದ್ದರೆ ಡ್ರಮ್ಮಿನ ತಳದಲ್ಲಿ ನೀರು, ಮೇಲೆ ಜಾಲರಿ, ಅದರ ಮೇಲೆ ಮಣ್ಣು ಇಟ್ಟು, ಮೇಲಿನವರೆಗೆ ಹಬೆ ಬಂದ ಮೇಲೆ ಒಂದು ಗಂಟೆ ಬೇಯಿಸಿ. ಹಬೆ ಕೊಟ್ಟ ಮಣ್ಣನ್ನು ಎರಡು ವಾರ ಹರವಿ ಇಡಬೇಕು. ಹಬೆಯಿಂದ ಬಿಡುಗಡೆಯಾದ ಮ್ಯಾಂಗನೀಸ್ ಮೊಳಕೆಯನ್ನು ಸುಡಬಹುದು.

ಗುಂಡಿ 1 ಮೀಟರ್ ಉದ್ದ, 1 ಮೀಟರ್ ಅಗಲ, 30 ಸೆಂ.ಮೀ. ಆಳ. ಒಳಗೆ ದಪ್ಪ ಕಪ್ಪು ಪಾಲಿಥೀನ್ ಹಾಸಿ. 50 ಕಿಲೋ ವರ್ಮಿಕ್ಯುಲೈಟಿಗೆ (ಹಗುರವಾದ ಖನಿಜದ ಪುಡಿ) 5 ಕಿಲೋ ಶುದ್ಧ ಮಾಡಿದ ಮಣ್ಣು ಬೆರೆಸಿ 20 ಸೆಂ.ಮೀ. ಎತ್ತರಕ್ಕೆ ತುಂಬಿ. ಮೇಲ್ಮೈಯಿಂದ 2ರಿಂದ 5 ಸೆಂ.ಮೀ. ಕೆಳಗೆ ಬರುವಂತೆ 1 ಕಿಲೋ ಕಲ್ಚರನ್ನು ಒಂದೇ ಪದರವಾಗಿ ಹರಡಿ ಮುಚ್ಚಿ. ಹಾಸಿನ ಮೇಲೆ ಮಳೆನೀರು ನಿಲ್ಲುವುದರಿಂದ ಮೇಲೊಂದು ಪಾರದರ್ಶಕ ಮಾಡು ಬೇಕು. ಮೂರು ದಿನದ ಸೋನೆ ಮಳೆ ಗುಂಡಿಯನ್ನು ಕೆಸರು ಮಾಡಲು ಸಾಕು.

ಬಿತ್ತನೆ ರಾಗಿಗೆ ಶಿಲೀಂಧ್ರನಾಶಕ ಸವರಿರುತ್ತಾರೆ, ಅದು ಬೇಡ. ಊಟಕ್ಕೆ ತರುವ, ಮೊಳೆಯುವ ರಾಗಿಯೇ ಮೇಲು. 5 ಶೇಕಡಾ ಸೋಡಿಯಂ ಹೈಪೋಕ್ಲೋರೈಟಿನಲ್ಲಿ ಎರಡು ನಿಮಿಷ ಅದ್ದಿ, ನಾಲ್ಕು ಸಲ ನೀರಲ್ಲಿ ತೊಳೆದು, ಗೇಣಿಗೆ ಎರಡು ಸಾಲಿನಂತೆ ಬಿತ್ತಿ. ಬಿತ್ತುವಾಗ ಇಡೀ ಗುಂಡಿಗೆ ಯೂರಿಯಾ 2 ಗ್ರಾಂ, ಸೂಪರ್ ಫಾಸ್ಫೇಟ್ 2 ಗ್ರಾಂ, ಪೊಟ್ಯಾಷ್ 1 ಗ್ರಾಂ. ರಂಜಕ ಇಷ್ಟೇ, ಮತ್ತೆ ಕೊಡುವಂತಿಲ್ಲ. 30 ಮತ್ತು 45ನೇ ದಿನ 10 ಗ್ರಾಂ ಯೂರಿಯಾವನ್ನು ನೀರಿನಲ್ಲಿ ಕರಗಿಸಿ ಹಾಕಿ. ಪೈರು ಹಸಿರು ಸ್ವಲ್ಪ ಕಡಿಮೆಯಿದ್ದರೆ ಗಾಬರಿ ಬೇಡ. ಸೊಂಪಾಗಿ ಕಪ್ಪೆದ್ದ ರಾಗಿಗಿಂತ ಸ್ವಲ್ಪ ಹಸಿದ ರಾಗಿಯ ಬೇರಲ್ಲೇ ಶಿಲೀಂಧ್ರ ಹೆಚ್ಚು.

75ರಿಂದ 90 ದಿನಕ್ಕೆ, ತೆನೆ ಕಟ್ಟುವ ಹೊತ್ತಿಗೆ, ನೀರು ನಿಲ್ಲಿಸಿ ಹತ್ತು ದಿನ ಬಿಡಿ. ಗಿಡ ಒಣಗುವುದನ್ನು ಕಂಡ ಶಿಲೀಂಧ್ರ ತನ್ನ ಬೀಜಾಣು ಕಟ್ಟಿಕೊಳ್ಳುತ್ತದೆ. ಆಮೇಲೆ ಪೈರನ್ನು ಬುಡಕ್ಕೆ ಕೊಯ್ದು ದನಕ್ಕೆ ಹಾಕಿ. ಬೇರನ್ನು ಅಗೆದು ಬೆರಳ ಗೆಣ್ಣಿನಷ್ಟು ತುಂಡು ಮಾಡಿ, ಗುಂಡಿಯ ಪುಡಿಯ ಜೊತೆಯೇ ಕಲಸಿ, ನೆರಳಲ್ಲಿ ಆರಿಸಿ. ಒಂದು ಗುಂಡಿಯಿಂದ ಸುಮಾರು 55 ಕಿಲೋ ಸಿಗುತ್ತದೆ. ಬೇರು, ಎಳೆ, ಬೀಜಾಣು, ಪುಡಿ ಎಲ್ಲ ಸೇರಿದ್ದೇ ಕಲ್ಚರ್, ಜರಡಿ ಹಿಡಿದು ಬೇರು ಬಿಸಾಡಿದರೆ ಅರ್ಧ ಜೀವ ಬಿಸಾಡಿದಂತೆ. ಅಂಗೈಯಲ್ಲಿ ಹಿಡಿದು ಅಮುಕಿದರೆ ಉಂಡೆ ಕಟ್ಟದಷ್ಟು ಆರಿದ ಮೇಲೆ ಚೀಲಕ್ಕೆ ತುಂಬಿ ತಂಪಾದ ಕೋಣೆಯಲ್ಲಿಟ್ಟು ಆರು ತಿಂಗಳೊಳಗೆ ಬಳಸಿ. ಮುಂದಿನ ಗುಂಡಿಯ ಬಿತ್ತನೆಗೂ ಅಷ್ಟರೊಳಗೆ ಇದರಿಂದಲೇ ತೆಗೆದುಕೊಳ್ಳಬಹುದು. ಆದರೆ ಗುಂಡಿಯಿಂದ ಗುಂಡಿಗೆ ವರ್ಷಗಟ್ಟಲೆ ಹೀಗೇ ಮಾಡಿದರೆ ಕಲಬೆರಕೆ ಸೇರುತ್ತದೆ. ಎರಡು ಮೂರು ಸುತ್ತಿಗೊಮ್ಮೆ ಮೂಲ ಕಲ್ಚರ್ ಹೊಸದು ತನ್ನಿ.

ಹಳೆಯ ಹುಣಸೆ ಮರದ ಬುಡದ ಮಣ್ಣನ್ನೇ ನೇರ ತಂದು ಸಸಿಚೀಲಕ್ಕೆ ಹಾಕಿದರಾಗದೇ ಎಂದು ಕೇಳುವವರಿದ್ದಾರೆ. ಶಿಲೀಂಧ್ರ ಬರುತ್ತದೆ, ಜೊತೆಗೆ ಬೇರುಕೊಳೆ ತರುವುದೂ ಬರುತ್ತದೆ. ಆ ಮಣ್ಣನ್ನು ಅಷ್ಟೇ ಶುದ್ಧ ಮರಳಿನ ಜೊತೆ ಕಲಸಿ ಕುಂಡದಲ್ಲಿ ಮೂರು ತಿಂಗಳು ರಾಗಿ ಬೆಳೆದು, ಅದರ ಬೇರನ್ನು ಪರೀಕ್ಷಿಸಿ ಬಳಸುವುದು ಸರಿಯಾದ ದಾರಿ.

ಸಸಿಗೆ ಕೊಡುವುದು

ಚೀಲ 5x8 ಇಂಚಿನದಾದರೆ 5 ಗ್ರಾಂ, 6x9 ಅಥವಾ ದೊಡ್ಡದಾದರೆ 10 ಗ್ರಾಂ. ಅಂದರೆ ಒಂದು ಗುಂಡಿಯ ಕಲ್ಚರ್ 5,500ರಿಂದ 11,000 ಚೀಲಕ್ಕೆ ಬರುತ್ತದೆ. ವರ್ಮಿಕ್ಯುಲೈಟ್ ಹಗುರವಾದ್ದರಿಂದ ‘ಒಂದು ಚಮಚ’ ಎಂದರೆ ಲೆಕ್ಕ ತಪ್ಪುತ್ತದೆ. ಒಮ್ಮೆ ತಕ್ಕಡಿಯಲ್ಲಿ 10 ಗ್ರಾಂ ತೂಗಿ, ಅಷ್ಟೇ ಹಿಡಿಯುವ ಡಬ್ಬಿಯ ಮುಚ್ಚಳವೊಂದನ್ನು ಹುಡುಕಿ, ಕೆಲಸದವರ ಕೈಗೆ ಅದನ್ನೇ ಕೊಡಿ.

ಇಡೀ ಕೆಲಸದಲ್ಲಿ ಅತಿ ಮುಖ್ಯವಾದದ್ದು ಜಾಗ. ಚೀಲದ ಮಣ್ಣಿನ ಮೇಲೆ ಉದುರಿಸಿ ನೀರು ಹಾಕಿದರೆ ಏನೂ ಆಗದು. ಬೀಜ ಬಿತ್ತುವಾಗ ಬೀಜದಿಂದ 2-3 ಸೆಂ.ಮೀ. ಕೆಳಗೆ ಪದರವಾಗಿ ಹಾಕಿ, ಇಳಿಯುವ ಬೇರು ಅದನ್ನು ಸೀಳಿಕೊಂಡೇ ಹೋಗಬೇಕು. ಏರುಮಡಿಯಿಂದ ಕಿತ್ತು ಚೀಲಕ್ಕೆ ಕೂರಿಸುವ ಸಸಿಯಾದರೆ ಕಡ್ಡಿಯಿಂದ ಮಾಡಿದ ತೂತಿಗೆ ಮೊದಲು ಕಲ್ಚರ್, ಆಮೇಲೆ ಬೇರು. ಏರುಮಡಿಯಲ್ಲೇ ಕೊಡುವುದಾದರೆ ಚದರ ಮೀಟರಿಗೆ 100 ಗ್ರಾಂ, ಅದೇ ಆಳದಲ್ಲಿ. ಇದು ಅಗ್ಗ, ಕಿತ್ತ ಸಸಿ ಶಿಲೀಂಧ್ರವನ್ನು ಬೇರಲ್ಲೇ ಹೊತ್ತು ಬರುತ್ತದೆ.

ಅದಾದ ಮೇಲೆ ಆರೇಳು ವಾರ ಕೈ ಕಟ್ಟಿಕೊಂಡಿರುವುದು ಕಷ್ಟದ ಕೆಲಸ. ಮೊದಲ ತಿಂಗಳಲ್ಲಿ ಕಲ್ಚರ್ ಹಾಕಿದ ಸಸಿ ಹಾಕದಿದ್ದುದಕ್ಕಿಂತ ತುಸು ಹಿಂದೆಯೂ ಬೀಳಬಹುದು, ಸಕ್ಕರೆ ಬೇರಿಗೆ ಹೋಗುತ್ತಿರುತ್ತದೆ. ಈ ಹಂತದಲ್ಲಿ ರಸಗೊಬ್ಬರ ಸುರಿದರೆ ಅಲ್ಲಿಯವರೆಗಿನ ಕೆಲಸ ಹಾಳು. ಎಲೆ ತೀರಾ ಹಳದಿಯಾದರೆ ಲೀಟರಿಗೆ 1-2 ಗ್ರಾಂ ಯೂರಿಯಾ ಬೆರೆಸಿ ಎಲೆಗೆ ಸಿಂಪಡಿಸಿ, ಅಷ್ಟು ಸಾಕು. ನೆರಳುಬಲೆ ದಟ್ಟವಾಗಿದ್ದರೆ ಗಿಡಕ್ಕೇ ಊಟ ಸಾಲದು, ಶಿಲೀಂಧ್ರಕ್ಕೆ ಎಲ್ಲಿಂದ ಕೊಟ್ಟೀತು? ಸಸಿ ಕೂತ ಮೇಲೆ ಬಿಸಿಲಿಗೆ ಸರಿಸುತ್ತ ಹೋಗಿ. ದಿನಕ್ಕೆರಡು ಸಲ ಪೈಪು ಹಿಡಿಯುವ ಬದಲು ಚೀಲ ಎತ್ತಿ ಭಾರ ನೋಡಿ ನೀರು ಕೊಡಿ.

ಬುಡಕೊಳೆ ಬಂತೆಂದು ಕಾರ್ಬೆಂಡಜಿಮ್ ಶಿಲೀಂಧ್ರನಾಶಕ ಸುರಿಯುವುದು ಎರಡನೆಯ ದೊಡ್ಡ ತಪ್ಪು. ಅದು ರೋಗದ ಶಿಲೀಂಧ್ರಕ್ಕೂ ನೀವು ಹಾಕಿದ ಶಿಲೀಂಧ್ರಕ್ಕೂ ಭೇದ ಮಾಡುವುದಿಲ್ಲ. ಮೊದಲು ನೀರು ತಗ್ಗಿಸಿ, ಗಾಳಿಯಾಡುವಂತೆ ಚೀಲಗಳ ನಡುವೆ ಜಾಗ ಬಿಡಿ. ಪಿಥಿಯಂ ಬಗೆಯ ಕೊಳೆ ಎಂದು ಖಚಿತವಾದರೆ ಮೆಟಲಾಕ್ಸಿಲ್ ಔಷಧಿ ಕೊಡಬಹುದು, ಅದು ಮೈಕೊರೈಜಾಕ್ಕೆ ಅಷ್ಟು ಹಾನಿ ಮಾಡದು, ಆದರೆ ಮ್ಯಾಂಕೊಜೆಬ್ ಎಂಬ ಇನ್ನೊಂದು ಶಿಲೀಂಧ್ರನಾಶಕ ಸೇರಿದ ಮಿಶ್ರಣ ಕೊಂಡುಬಿಡಬೇಡಿ, ಲೇಬಲ್ ಓದಿ. ಟ್ರೈಕೋಡರ್ಮಾ ಕೊಡುವುದಾದರೆ ಎರಡು ವಾರ ಬಿಟ್ಟು ಕೊಡಿ, ಮೈಕೊರೈಜಾ ಮೊದಲು ಬೇರಿಗೆ ಸೇರಿಕೊಳ್ಳಲಿ.

ಹಿಡಿದಿದೆಯೇ ಎಂದು ನೋಡುವುದು

ಬೇರು ನೋಡಿ ಹೇಳಲು ಬರುವುದಿಲ್ಲ, ಬಣ್ಣ ಹಾಕಲೇಬೇಕು. ಶಾಲೆಯ ಮೈಕ್ರೋಸ್ಕೋಪು, ವಿನೆಗರ್, ಪೆನ್ನಿನ ಶಾಯಿ ಇದ್ದರೆ ಸಾಕು. 45-60 ದಿನದ ಸಸಿಯ ಎಳೆ ಬೇರುಗಳನ್ನು ತೊಳೆದು 1 ಸೆಂ.ಮೀ. ತುಂಡು ಮಾಡಿ, 10 ಶೇಕಡಾ ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ಮುಳುಗಿಸಿ, ಆ ಗಾಜಿನ ಪಾತ್ರೆಯನ್ನು ಕುದಿವ ನೀರಿನಲ್ಲಿ ಇಡಿ. ರಾಗಿ ಬೇರು 15 ನಿಮಿಷದಲ್ಲಿ ಬಿಳಿಚುತ್ತದೆ. ಮರದ ಬೇರಿಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಇದು ಚರ್ಮ ಸುಡುವ ಕ್ಷಾರ, ಕೈಗವಸು ಮತ್ತು ಕನ್ನಡಕವಿಲ್ಲದೆ ಮುಟ್ಟಬೇಡಿ. ಚೆನ್ನಾಗಿ ತೊಳೆದು, ಬಿಳಿ ವಿನೆಗರಿನಲ್ಲಿ ಒಮ್ಮೆ ಅದ್ದಿ ತೆಗೆದು, 95 ಮಿ.ಲೀ. ವಿನೆಗರಿಗೆ 5 ಮಿ.ಲೀ. ಫೌಂಟನ್ ಪೆನ್ನಿನ ಕಪ್ಪು ಶಾಯಿ ಬೆರೆಸಿದ ದ್ರವದಲ್ಲಿ ಮೂರು ನಿಮಿಷ ಕುದಿಸಿ. ಕೆಲವು ಹನಿ ವಿನೆಗರ್ ಹಾಕಿದ ನೀರಿನಲ್ಲಿ 20 ನಿಮಿಷ ನೆನೆಸಿದರೆ ಹೆಚ್ಚುವರಿ ಬಣ್ಣ ಬಿಡುತ್ತದೆ. ಎಲ್ಲ ಶಾಯಿಯೂ ಹಿಡಿಯುವುದಿಲ್ಲ, ಒಂದೆರಡು ಬಗೆ ಪ್ರಯತ್ನಿಸಬೇಕಾದೀತು.

100 ಪಟ್ಟು ಹಿಗ್ಗಿಸಿ ನೋಡಿದರೆ ಬೇರಿನೊಳಗೆ ಅಡ್ಡಗೋಡೆಯಿಲ್ಲದ ನೀಲಿಗಪ್ಪು ಎಳೆಗಳು, ಅಲ್ಲಲ್ಲಿ ಮೊಟ್ಟೆಯಂಥ ಗುಳ್ಳೆಗಳು, 400 ಪಟ್ಟಿನಲ್ಲಿ ಜೀವಕೋಶದೊಳಗೆ ಪುಟ್ಟ ಮರದಂತೆ ಕವಲೊಡೆದ ಗುರುತು ಕಾಣುತ್ತವೆ. ಆ ಕವಲೇ ಅರ್ಬಸ್ಕೂಲ್. ಅಡ್ಡಗೋಡೆ ಇರುವ ಎಳೆಗಳೇ ತುಂಬಿದ್ದರೆ ಅದು ಬೇರೆ ಯಾವುದೋ ಶಿಲೀಂಧ್ರ. 50 ತುಂಡು ಎಣಿಸಿ ಎಷ್ಟರಲ್ಲಿ ಇದೆ ಎಂದು ಬರೆದುಕೊಳ್ಳಿ. ಗುಂಡಿಯ ರಾಗಿಯಲ್ಲಿ ಅರ್ಧಕ್ಕಿಂತ ಕಡಿಮೆ ಇದ್ದರೆ ಆ ಕಲ್ಚರನ್ನು ಸಸಿಗೆ ಹಾಕಬೇಡಿ.

ಲಾಭವಾಯಿತೇ ಎಂದು ತಿಳಿಯಲು ಪ್ರತಿ ಜಾತಿಯಲ್ಲೂ 20 ಚೀಲ ಬೇರೆ ಇಡಿ. ಅವಕ್ಕೆ ಏನೂ ಹಾಕದೆ ಬಿಡುವುದಲ್ಲ, ಹಬೆಯಲ್ಲಿ ಬೇಯಿಸಿ ಕೊಂದ ಕಲ್ಚರನ್ನು ಅಷ್ಟೇ ಅಳತೆಯಲ್ಲಿ ಹಾಕಿ. ಇಲ್ಲದಿದ್ದರೆ ಕಲ್ಚರಿನ ಪುಡಿಯಲ್ಲಿರುವ ಪೋಷಕಾಂಶದಿಂದ ಬಂದ ಬೆಳವಣಿಗೆಯನ್ನೂ ಶಿಲೀಂಧ್ರದ ಲೆಕ್ಕಕ್ಕೆ ಬರೆಯುತ್ತೀರಿ. ನೀರಿನ ಎರಚಲು ತಾಗದಂತೆ ಎತ್ತರದಲ್ಲಿಡಿ. 90ನೇ ದಿನ ಎತ್ತರವನ್ನು ಸೆಂಟಿಮೀಟರಿನಲ್ಲಿ, ಬುಡದ ದಪ್ಪವನ್ನು ವರ್ನಿಯರ್‌ನಿಂದ ಮಿಲಿಮೀಟರಿನಲ್ಲಿ ಅಳೆದು ಭಾಗಿಸಿ. 6ಕ್ಕಿಂತ ಕಡಿಮೆ ಬಂದರೆ ಗಟ್ಟಿ ಸಸಿ, ಹೆಚ್ಚಾದರೆ ಕಡ್ಡಿಯಂತೆ ಎದ್ದ ಸಸಿ. ಕೊಳ್ಳುವವರು ಎತ್ತರ ಮಾತ್ರ ನೋಡಿ ದುಡ್ಡು ಕೊಡುತ್ತಾರೆ, ಅದು ಬೇರೆ ಮಾತು.

ಚೀಲದ ತಳದಲ್ಲಿ ಸುರುಳಿ ಸುತ್ತಿದ ಬೇರನ್ನು ಮೈಕೊರೈಜಾ ನೇರ ಮಾಡುವುದಿಲ್ಲ, ಹೊತ್ತಿಗೆ ಸರಿಯಾಗಿ ದೊಡ್ಡ ಚೀಲಕ್ಕೆ ಬದಲಾಯಿಸಿ. ಸಸಿ ಕೊಡುವಾಗ ರೈತರಿಗೆ, ರಸ್ತೆಬದಿ ನೆಡುವವರಿಗೆ ಒಂದು ಮಾತು ಹೇಳಿ ಕಳಿಸಿ: ನೆಡುವ ಗುಂಡಿಗೆ ಹಿಡಿ ಡಿಎಪಿ ಹಾಕುವ ರೂಢಿ ಈ ಸಸಿಗೆ ಬೇಡ, ಒಂದು ಬುಟ್ಟಿ ಕಳಿತ ಎಲೆಗೊಬ್ಬರ ಸಾಕು. ಹಳೆಯ ಮರಗಳಿಗೂ ಕೊಡಬೇಕೆಂದರೆ ಮರಕ್ಕೆ 200 ಗ್ರಾಂ, ಬುಡದಲ್ಲಲ್ಲ, ಕೊಂಬೆಯ ನೆರಳಿನ ಅಂಚಿನಲ್ಲಿ ಕೆದಕಿ ಎಳೆ ಬೇರು ಕಂಡ ಕಡೆ.